ಚೆನ್ನೆಮಣೆಯಿಂದ ಮೊಬೈಲ್ ಗೇಮ್: ಕೊಡಗಿನ ಮನೆಯಿಂದ ಪ್ಲೇ ಸ್ಟೋರ್‌ವರೆಗೆ

ಮೊದಲ ಮೊಬೈಲ್ ಗೇಮ್ ಮಾಡಲು ಕೂರುವವರಿಗೆ ಚೆನ್ನೆಮಣೆಗಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4ರಂತೆ 56 ಕಾಯಿ. ಸರ್ವರ್ ಬೇಡ, ತ್ರೀಡಿ ಮಾಡೆಲ್ ಬೇಡ, ಆಡುವಾಗ ಇಂಟರ್ನೆಟ್ಟೂ ಬೇಡ. ತೋಟದ ಮನೆಯಲ್ಲಿ ಸಿಗ್ನಲ್ ಪೂರ್ತಿ ಹೋದರೂ ಆಟ ನಿಲ್ಲುವುದಿಲ್ಲ. ಇಂಥ ಸಣ್ಣ ಗೇಮನ್ನು ಅರ್ಧಕ್ಕೆ ಬಿಡದೆ ಮುಗಿಸಿ ಜನರ ಕೈಗೆ ಕೊಡುವುದೇ ದೊಡ್ಡ ಕಲಿಕೆ. ಕಾಫಿ ತೋಟದ ಸಿಮ್ಯುಲೇಟರ್, ಹಾಕಿ ಗೇಮ್ ಎಲ್ಲ ಎರಡನೆಯದಕ್ಕೆ ಇರಲಿ.

ನಿಯಮ ಮೊದಲು ಕಾಗದದ ಮೇಲೆ

ಚೆನ್ನೆಮಣೆಯ ನಿಯಮ ಮನೆಯಿಂದ ಮನೆಗೆ ಬದಲಾಗುತ್ತದೆ. ಎಲ್ಲರನ್ನೂ ಮೆಚ್ಚಿಸಲು ಹೋಗಿ ಐದಾರು ಬಗೆಯನ್ನು ಒಟ್ಟಿಗೆ ಸೇರಿಸಿದರೆ ಗೇಮ್ ಮುಗಿಯುವುದೇ ಇಲ್ಲ. ಒಂದನ್ನು ಆರಿಸಿ, ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದಿಡಿ. ಉದಾಹರಣೆಗೆ: ಆಟಗಾರ ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಕಾಯಿ ಇದ್ದರೆ ಅದನ್ನೆತ್ತಿ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿ ಇರುವುದೆಲ್ಲ ಗೆಲುವು, ಸರದಿ ಎದುರಾಳಿಗೆ. ಸಾಲಾಗಿ ಎರಡು ಗುಳಿ ಖಾಲಿ ಇದ್ದರೆ ಏನೂ ಸಿಗುವುದಿಲ್ಲ. ಸರದಿ ಬಂದಾಗ ತನ್ನ ಸಾಲಿನಲ್ಲಿ ಕಾಯಿಯೇ ಇಲ್ಲದಿದ್ದರೆ ಆಟ ಮುಗಿಯಿತು, ಉಳಿದದ್ದು ಎದುರಾಳಿಗೆ.

ಬರೆದ ಮೇಲೆ ಮಣೆ ಇಟ್ಟುಕೊಂಡು, ಇಲ್ಲವಾದರೆ ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಹುಣಸೆ ಬೀಜದಲ್ಲಿ, ನಾಲ್ಕೈದು ಆಟ ಆಡಿ ನೋಡಿ. ನಿಯಮದಲ್ಲಿ ಬಿಟ್ಟುಹೋದ ಸಂದುಗಳು ಆಗ ಸಿಗುತ್ತವೆ. ಇನ್ನೊಂದು ಮಾತು: ಪಣ, ದುಡ್ಡು, ಗೆದ್ದವರಿಗೆ ನಗದು ಇವನ್ನು ಹತ್ತಿರಕ್ಕೂ ತರಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಲ್ಲಿ ನಿಷೇಧಿಸಿದೆ.

ಇಳಿಸಿಕೊಳ್ಳಬೇಕಾದವು

ಗೇಮ್ ಕಟ್ಟುವ ತಂತ್ರಾಂಶವಾದ ಗೋಡೋ ಇಂಜಿನ್ 4.5 ಅಥವಾ ಅದರ ನಂತರದ ಆವೃತ್ತಿ ತೆಗೆದುಕೊಳ್ಳಿ. ಉಚಿತ, ಮುಕ್ತ ತಂತ್ರಾಂಶ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 4.5 ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಹೊಸದನ್ನು ಗುರಿಯಾಗಿಸಿದ ಗೇಮ್‌ಗಳು 16 ಕೆಬಿ ಮೆಮೊರಿ ಪೇಜ್‌ಗೆ (ಫೋನ್ ತನ್ನ ಮೆಮೊರಿಯನ್ನು ಹಂಚುವ ತುಂಡಿನ ಅಳತೆ) ಹೊಂದಬೇಕೆಂದು 2025ರ ನವೆಂಬರ್ 1ರಿಂದ ಪ್ಲೇ ಸ್ಟೋರ್ ನಿಯಮ ಮಾಡಿದೆ, ಗೋಡೋ ಅದಕ್ಕೆ ಹೊಂದುವುದು 4.5ರಿಂದ. ಹಳೆಯ ಪಾಠ ನೋಡಿ ಹಳೆಯ ಆವೃತ್ತಿಯಲ್ಲಿ ಕಟ್ಟಿದವರು ಕೊನೆಯ ಹಂತದಲ್ಲಿ ಸಿಕ್ಕಿಬೀಳುತ್ತಾರೆ.

ಇಂಜಿನ್ ಚಿಕ್ಕದು, ಎಕ್ಸ್‌ಪೋರ್ಟ್ ಟೆಂಪ್ಲೇಟ್, ಆಂಡ್ರಾಯ್ಡ್ ಎಸ್‌ಡಿಕೆ, ಜಾವಾ 17 (ಮೂರೂ ಗೇಮನ್ನು ಆಂಡ್ರಾಯ್ಡ್ ಆ್ಯಪ್ ಆಗಿ ಕಟ್ಟಲು ಬೇಕಾದವು) ಸೇರಿದರೆ ಕೆಲವು ಜಿಬಿ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತು ಕಾಯುವ ಬದಲು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಫೈಬರ್ ಇರುವ ಕಡೆ ಲ್ಯಾಪ್‌ಟಾಪ್ ಒಯ್ದು ಒಂದೇ ಸಲ ಮುಗಿಸಿ. ಗೋಡೋದ ಕೈಪಿಡಿಯನ್ನೂ ಆಫ್‌ಲೈನ್ ಓದಲು ಇಳಿಸಿಕೊಳ್ಳಬಹುದು. ಅಲ್ಲಿಂದ ಎದ್ದು ಬರುವ ಮೊದಲು ಒಂದು ಖಾಲಿ ಪ್ರಾಜೆಕ್ಟಿನಲ್ಲಿ 'ಯೂಸ್ ಗ್ರೇಡಲ್ ಬಿಲ್ಡ್' ಹಾಕಿ ಒಮ್ಮೆ ಎಕ್ಸ್‌ಪೋರ್ಟ್ ಮಾಡಲೇಬೇಕು. ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್ ಮೊದಲ ಸಲ ಓಡುವಾಗ ತನಗೆ ಬೇಕಾದ ಕಡತಗಳನ್ನು ನೆಟ್‌ನಿಂದ ತರಿಸಿಕೊಳ್ಳುತ್ತದೆ. ಇದನ್ನು ಮರೆತು ತೋಟಕ್ಕೆ ಮರಳಿದರೆ ಬಿಲ್ಡ್ ಅರ್ಥವಾಗದ ದೋಷ ತೋರಿಸಿ ನಿಲ್ಲುತ್ತದೆ, ತಪ್ಪು ನಿಮ್ಮ ಕೋಡಿನದೆಂದು ಎರಡು ದಿನ ಹುಡುಕುತ್ತೀರಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಬೇಡ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸಿ, ಕಮಿಟ್ ಮಾಡಲು (ದಾಖಲಿಸಲು) ನೆಟ್ ಬೇಕಿಲ್ಲ, ಸಿಗ್ನಲ್ ಇರುವ ಕಡೆ ಹೋದಾಗ ಪುಶ್ ಮಾಡಿದರಾಯಿತು (ನೆಟ್‌ಗೆ ಕಳಿಸಿದರಾಯಿತು). ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಚಾರ್ಜರ್ ಪ್ಲಗ್ ಕಿತ್ತಿಡಿ.

ಲೆಕ್ಕ ಬೇರೆ, ಚಿತ್ರ ಬೇರೆ

ಗೇಮಿನ ಗಟ್ಟಿತನ ನಿಂತಿರುವುದು ಇಲ್ಲಿ. 14 ಸಂಖ್ಯೆಗಳ ಒಂದು ಅರೇ (ಸಾಲುಪಟ್ಟಿ) ಸಾಕು, ಗುಳಿಗೊಂದು ಸಂಖ್ಯೆ. 0ಯಿಂದ 6 ನಿಮ್ಮ ಸಾಲು, ಎಡದಿಂದ ಬಲಕ್ಕೆ. 7ರಿಂದ 13 ಎದುರಾಳಿಯದು, ಬಲದಿಂದ ಎಡಕ್ಕೆ. ಹೀಗೆ ಜೋಡಿಸಿದರೆ ಮುಂದಿನ ಗುಳಿ ಬೇಕೆಂದರೆ 1 ಕೂಡಿಸಿ 14ರಿಂದ ಭಾಗಿಸಿದಾಗ ಉಳಿಯುವ ಶೇಷ. ಎದುರಿನ ಗುಳಿ ಬೇಕೆಂದರೆ 13ರಲ್ಲಿ ಈ ಗುಳಿಯ ಸಂಖ್ಯೆಯನ್ನು ಕಳೆದರಾಯಿತು. 'ಮೂಲೆಗೆ ಬಂದಾಗ ತಿರುಗು' ಎಂಬ ಷರತ್ತುಗಳನ್ನು ಬರೆಯುವ ತಾಪತ್ರಯವೇ ಇಲ್ಲ.

ಪ್ರತಿ ನಡೆಯ ಬಳಿಕ 14 ಗುಳಿಗಳ ಮೊತ್ತಕ್ಕೆ ಇಬ್ಬರೂ ಗೆದ್ದ ಕಾಯಿಗಳನ್ನು ಕೂಡಿಸಿ. 56 ಬರಬೇಕು. ಬರದಿದ್ದರೆ ಅಲ್ಲೇ ಗೇಮ್ ನಿಲ್ಲಿಸಿ ದೋಷ ತೋರಿಸುವಂತೆ ಅಸರ್ಟ್ ಹಾಕಿ. ಕಾಯಿ ಕಳೆಯುವ, ದುಪ್ಪಟ್ಟಾಗುವ ತಪ್ಪುಗಳೆಲ್ಲ ಈ ಒಂದು ಸಾಲಿಗೆ ಸಿಗುತ್ತವೆ. ಆಮೇಲೆ ಕಂಪ್ಯೂಟರನ್ನು ಅದರ ವಿರುದ್ಧವೇ ಮನಸ್ಸಿಗೆ ಬಂದ ನಡೆಗಳಲ್ಲಿ 10,000 ಆಟ ಆಡಿಸಿ. ಚಿತ್ರ ಇಲ್ಲದಿದ್ದರೆ ಇದಕ್ಕೆ ಹೆಚ್ಚು ಹೊತ್ತು ಬೇಡ. ಎತ್ತಿ ಎತ್ತಿ ಸುತ್ತುವ ನಡೆ ಮುಗಿಯದೇ ಹೋದರೆ ಫೋನ್ ಹೆಪ್ಪುಗಟ್ಟುತ್ತದೆ, ಹಾಗಾಗಿ ಒಂದು ನಡೆಗೆ 200 ಎತ್ತುವಿಕೆಯ ಮಿತಿ ಇಡಿ.

ಕಾಯಿ ಒಂದೊಂದಾಗಿ ಬೀಳುವ ಅನಿಮೇಶನ್ನಿನ ಒಳಗೇ ಅರೇಯನ್ನು ಬದಲಿಸುವುದು ಹೊಸಬರೆಲ್ಲ ಮಾಡುವ ಕೆಲಸ. ಅರ್ಧ ನಡೆಯಲ್ಲಿ ಫೋನ್ ಕರೆ ಬಂದರೆ ಅರ್ಧ ಬಿತ್ತಿದ ಮಣೆ ಸೇವ್ ಆಗುತ್ತದೆ, ಕೈಯಲ್ಲಿದ್ದ ಕಾಯಿಗಳು ಮಾಯವಾಗುತ್ತವೆ. ಬೆರಳು ಒತ್ತಿದ ಕೂಡಲೇ ಪೂರ್ತಿ ನಡೆಯನ್ನು ಲೆಕ್ಕ ಹಾಕಿ ಮುಗಿಸಿ, ಸೇವ್ ಮಾಡಿ. ಜೊತೆಗೆ '3ರಿಂದ ಎತ್ತು, 4ಕ್ಕೆ ಹಾಕು, 5ಕ್ಕೆ ಹಾಕು' ಎಂಬ ಘಟನೆಗಳ ಪಟ್ಟಿ ತಯಾರಿಸಿ. ಅನಿಮೇಶನ್ ಆ ಪಟ್ಟಿಯನ್ನು ಓದಿ ತೋರಿಸುವುದಷ್ಟೇ. ಮಧ್ಯದಲ್ಲಿ ಗೇಮ್ ಮುಚ್ಚಿದರೂ ಲೆಕ್ಕ ಸರಿ ಇರುತ್ತದೆ.

ಕಾಯಿಗೆ 0.12 ಸೆಕೆಂಡ್ ಹದವಾದ ವೇಗ. ಉದ್ದದ ನಡೆಯಲ್ಲಿ ನೂರಾರು ಕಾಯಿ ಬಿದ್ದರೆ ಅದೇ ವೇಗ ತಲೆನೋವು, ಹಾಗಾಗಿ ಮೊದಲ ಸುತ್ತಿನ ನಂತರ 0.05ಕ್ಕೆ ಇಳಿಸಿ, ಪರದೆ ಮುಟ್ಟಿದರೆ ನೇರ ಕೊನೆಗೆ ಹೋಗಲಿ.

ಕಂಪ್ಯೂಟರ್ ಎದುರಾಳಿಗೆ ಮಿನಿಮ್ಯಾಕ್ಸ್ ಸಾಕು: ಇಬ್ಬರ ಮುಂದಿನ ನಡೆಗಳನ್ನೆಲ್ಲ ಲೆಕ್ಕ ಹಾಕಿ ತನಗೆ ಒಳ್ಳೆಯದನ್ನು ಆರಿಸುವ ವಿಧಾನ. ಸರದಿಗೆ ಹೆಚ್ಚೆಂದರೆ 7 ನಡೆ. 4 ಹೆಜ್ಜೆ ಮುಂದೆ ನೋಡಿದರೆ 2,401 ಸ್ಥಿತಿ, 6 ಹೆಜ್ಜೆಗೆ 1,17,649. ಎರಡನೆಯದು ಅಗ್ಗದ ಫೋನಿನಲ್ಲಿ ತಡವರಿಸುತ್ತದೆ. ಮಕ್ಕಳಿಗೆಂದು ಸುಲಭ ಮಟ್ಟ ಬೇಕಾದರೆ ಒಂದೇ ಹೆಜ್ಜೆ ನೋಡಿ, ಮೂರರಲ್ಲಿ ಒಂದು ಸಲ ಮನಬಂದಂತೆ ಆಡಿಸಿ.

ಮಣೆ, ಕಾಯಿ, ಸದ್ದು

ಪ್ರಾಜೆಕ್ಟ್ ಅಳತೆ 720×1280, ನಿಂತ ಪರದೆ. ರೆಂಡರರ್ (ಪರದೆಗೆ ಚಿತ್ರ ಬರೆಯುವ ಭಾಗ) 'ಕಂಪ್ಯಾಟಿಬಿಲಿಟಿ'; ಹಳೆಯ ಫೋನುಗಳಲ್ಲಿ ನಂಬಿಕೆಗೆ ಅರ್ಹವಾದದ್ದು ಇದೇ. ಸ್ಟ್ರೆಚ್ ಮೋಡ್ 'ಕ್ಯಾನ್ವಾಸ್ ಐಟಮ್ಸ್', ಆಸ್ಪೆಕ್ಟ್ 'ಎಕ್ಸ್‌ಪ್ಯಾಂಡ್'. 'ಲೋ ಪ್ರೊಸೆಸರ್ ಮೋಡ್' ಹಾಕಿದರೆ ಏನೂ ಚಲಿಸದಾಗ ಪರದೆ ಮತ್ತೆ ಬರೆಯುವುದಿಲ್ಲ. ಕರೆಂಟ್ ಇಲ್ಲದ ದಿನ ಚಾರ್ಜ್ ಉಳಿಸುವುದು ಆಡುವವರಿಗೆ ದೊಡ್ಡ ಉಪಕಾರ.

ಮಣೆಯನ್ನು ಅಡ್ಡ ಇಟ್ಟರೆ 720 ಪಿಕ್ಸೆಲ್‌ನಲ್ಲಿ 7 ಗುಳಿ, ತಲಾ ಸುಮಾರು 102. ಬೆರಳಿಗೆ ಬೇಕೆಂದು ಆಂಡ್ರಾಯ್ಡ್ ಹೇಳುವ ಕನಿಷ್ಠ 48 ಡಿಪಿಯನ್ನು (ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆ) ಅದು ಕಷ್ಟಪಟ್ಟು ಮುಟ್ಟುತ್ತದೆ, ಅಂಚು ಬಿಟ್ಟರೆ ಅದೂ ಇಲ್ಲ. ಮಣೆಯನ್ನು ಉದ್ದುದ್ದ ನಿಲ್ಲಿಸಿ: ಎರಡು ಕಂಬ, ಕಂಬಕ್ಕೆ 7 ಗುಳಿ. ಅಂಕ, ಗುಂಡಿಗಳಿಗೆ 200 ಪಿಕ್ಸೆಲ್ ಬಿಟ್ಟರೂ ಗುಳಿಗೆ 150ರಷ್ಟು ಎತ್ತರ ಸಿಗುತ್ತದೆ. ಹಿರಿಯರ ಬೆರಳಿಗೂ ತಪ್ಪುವುದಿಲ್ಲ.

ಚಿತ್ರಕ್ಕೆ ನಿಜವಾದ ಕಾಯಿಗಳ ಫೋಟೋ ತೆಗೆಯಿರಿ. ಮೋಡ ಮುಚ್ಚಿದ ದಿನದ ಬೆಳಕಿನಲ್ಲಿ ಗಾಢ ನೆರಳಿರುವುದಿಲ್ಲ, ಕೊಡಗಿನಲ್ಲಿ ಅಂಥ ದಿನಗಳಿಗೆ ಬರವಿಲ್ಲ. ನಾಲ್ಕೈದು ಬೇರೆ ಬೇರೆ ಕಾಯಿ, ತಲಾ 64 ಪಿಕ್ಸೆಲ್, ಒಂದೇ ಹಾಳೆಯಲ್ಲಿ. ಗುಳಿಯಲ್ಲಿ 8ಕ್ಕಿಂತ ಹೆಚ್ಚು ಕಾಯಿ ಸೇರಿದರೆ ಎಣಿಸಲಾಗದು, ಪಕ್ಕದಲ್ಲಿ ಸಂಖ್ಯೆ ತೋರಿಸಿ. ಮರದ ಗುಳಿಗೆ ಕಾಯಿ ಬೀಳುವ ಸದ್ದನ್ನು ಫೋನಿನಲ್ಲೇ ಹಿಡಿಯಬಹುದು, ಶೀಟಿನ ಮೇಲೆ ಮಳೆ ಹೊಯ್ಯದ ಹೊತ್ತು ನೋಡಿಕೊಳ್ಳಿ. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಯಂತ್ರದಂತೆ ಕೇಳುತ್ತದೆ. ಪ್ರತಿ ಸಲ ಪಿಚ್ ಅನ್ನು 0.95ರಿಂದ 1.05ರ ನಡುವೆ ಬದಲಿಸಿ.

ಕನ್ನಡ ಅಕ್ಷರ ಕೆಡದಂತೆ

ಕನ್ನಡದ ಎಷ್ಟೋ ಗೇಮ್‌ಗಳು ಒತ್ತಕ್ಷರ ಒಡೆದುಕೊಂಡು ಬರುತ್ತವೆ. ನೋಡಿದಾಗ ಬೇಸರವಾಗುತ್ತದೆ, ಏಕೆಂದರೆ ಇದು ತಪ್ಪಿಸಬಹುದಾದ ತಪ್ಪು. ಇನ್ನೊಂದು ಗೇಮ್ ಇಂಜಿನ್ ಯೂನಿಟಿಯ ಟೆಕ್ಸ್ಟ್ ಮೆಶ್ ಪ್ರೋ ಒತ್ತಕ್ಷರಗಳನ್ನು ತಾನಾಗಿ ಜೋಡಿಸುವುದಿಲ್ಲ. ಗೋಡೋ 4ರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಇರುವುದರಿಂದ ಜೋಡಣೆ ಸರಿಯಾಗಿ ಬರುತ್ತದೆ. ಆದರೂ ಮೂರು ಕಡೆ ಎಡವುತ್ತಾರೆ.

ಒಂದು, ಫಾಂಟ್ ಸೇರಿಸದಿರುವುದು. ಗೋಡೋದ ಮೂಲ ಫಾಂಟಿನಲ್ಲಿ ಕನ್ನಡವಿಲ್ಲ, ಆದರೂ ಲ್ಯಾಪ್‌ಟಾಪಿನಲ್ಲಿ ಕನ್ನಡ ಕಾಣುತ್ತದೆ. ಅದು ಸಿಸ್ಟಮ್ ಫಾಂಟಿನಿಂದ ಸಾಲ ತಂದದ್ದು. ಫೋನಿನಿಂದ ಫೋನಿಗೆ ರೂಪವೂ ಅಳತೆಯೂ ಬದಲಾಗುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಅಥವಾ ದುಂಡಗೆ ಮುದ್ದಾಗಿರುವ ಬಾಲೂ ತಮ್ಮ 2 ಹಾಕಿ, ಎರಡೂ ಮುಕ್ತ ಪರವಾನಗಿಯವು. ಇಂಪೋರ್ಟ್ ಫಲಕದಲ್ಲಿ 'ಅಲೋ ಸಿಸ್ಟಮ್ ಫಾಲ್‌ಬ್ಯಾಕ್' ಆಯ್ಕೆಯನ್ನು ತೆಗೆದುಹಾಕಿದರೆ ಬಿಟ್ಟುಹೋದ ಅಕ್ಷರಗಳು ಡಬ್ಬಿಯಾಗಿ ಕಂಡು ಆಗಲೇ ಗೊತ್ತಾಗುತ್ತದೆ.

ಎರಡು, ಎತ್ತರ. ಇಂಗ್ಲಿಷ್ ಅಳತೆಗೆ ಮಾಡಿದ ಗುಂಡಿಯಲ್ಲಿ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. 'ಸ್ತ್ರೀ', 'ಚೆನ್ನೆ', 'ಮತ್ತೊಮ್ಮೆ' ಈ ಪದಗಳನ್ನು ಪ್ರತಿ ಗುಂಡಿಯಲ್ಲೂ ಹಾಕಿ ಪರೀಕ್ಷಿಸಿ, ಕೆಳಗೆ ಹೆಚ್ಚು ಜಾಗ ಬಿಡಿ.

ಮೂರು, ಅಕ್ಷರ ಒಂದೊಂದಾಗಿ ಮೂಡುವ ಪರಿಣಾಮ. 'ಸ್ತ್ರೀ' ನಮಗೆ ಒಂದು ಅಕ್ಷರ, ಯೂನಿಕೋಡ್‌ಗೆ 6: ಸ, ಹಲಂತ, ತ, ಹಲಂತ, ರ, ಈ ಸ್ವರಚಿಹ್ನೆ. ಲೇಬಲ್‌ನ ಮೂಲ ಹೊಂದಿಕೆ ಜೋಡಣೆಗೆ ಮೊದಲೇ ಎಣಿಸುವುದರಿಂದ 'ಸ', 'ಸ್', 'ಸ್ತ' ಎಂದು ಪರದೆಯಲ್ಲಿ ಅಕ್ಷರ ಕುಣಿಯುತ್ತದೆ. 'ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್' ಅನ್ನು 'ಆಫ್ಟರ್ ಶೇಪಿಂಗ್'ಗೆ ಬದಲಿಸಿ. ಕೊಡವ ತಕ್ಕ್‌ನಲ್ಲೂ ಮಾತುಗಳನ್ನು ಸೇರಿಸುವ ಮನಸ್ಸಿದ್ದರೆ ಲಿಪಿ ಇದೇ ಆದ್ದರಿಂದ ಬೇರೆ ಫಾಂಟ್ ಬೇಡ. ಭಾಷಾಂತರವನ್ನು ಮಾತ್ರ ಮನೆಯಲ್ಲಿ ಆ ಭಾಷೆ ಆಡುವವರಿಂದಲೇ ಓದಿಸಿ.

ಫೋನಿನಲ್ಲಿ, ಆಮೇಲೆ ಸ್ಟೋರಿನಲ್ಲಿ

2–3 ಜಿಬಿ ರ್‍ಯಾಮ್‌ನ ಹಳೆಯ ಫೋನ್ ಒಂದಾದರೂ ಇರಲಿ. ಏರೋಪ್ಲೇನ್ ಮೋಡ್ ಹಾಕಿ ಆಡಿ, ಆಮೇಲೆ ಅದನ್ನು ತೆಗೆದು ಆಟದ ನಡುವೆ ಕರೆ ಬರಿಸಿ, ಬ್ಯಾಕ್ ಒತ್ತಿ, ಪಟ್ಟಿಯಿಂದ ಗೇಮನ್ನು ಸರಿಸಿ ಮುಚ್ಚಿ ಮತ್ತೆ ತೆರೆಯಿರಿ. ಕ್ಯಾಮೆರಾದ ತೂತು ಅಂಕಪಟ್ಟಿಯ ಮೇಲೆ ಬರದಂತೆ 'ಸೇಫ್ ಏರಿಯಾ' ಕೇಳಿ ಜೋಡಿಸಿ.

ಎಕ್ಸ್‌ಪೋರ್ಟಿನಲ್ಲಿ ಎಎಬಿ (ಪ್ಲೇ ಸ್ಟೋರ್ ಕೇಳುವ ಕಡತ ರೂಪ), ಫೋನ್ ಪ್ರೊಸೆಸರಿನ ಬಗೆಗಳಾದ ಆರ್ಮ್ 64 ಜೊತೆಗೆ ಆರ್ಮ್ 7 ಎರಡನ್ನೂ ಆರಿಸಿ. ಪ್ಯಾಕೇಜ್ ಹೆಸರು ಒಮ್ಮೆ ಪ್ರಕಟವಾದರೆ ಬದಲಾಗದು. ವರ್ಷನ್ ಕೋಡ್ ಪ್ರತಿ ಸಲ ಏರಿಸಬೇಕು. ಗೇಮ್ ನಿಮ್ಮದೇ ಎಂದು ಸಹಿ ಹಾಕುವ ಕೀಸ್ಟೋರ್ ಕಡತ ಮತ್ತು ಪಾಸ್‌ವರ್ಡ್ ಎರಡು ಬೇರೆ ಜಾಗದಲ್ಲಿರಲಿ. ಪೆನ್‌ಡ್ರೈವ್‌ನಲ್ಲಿ ಇಟ್ಟರೆ ತೇವಕ್ಕೆ ಹಾಳಾಗದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ.

ಗೇಮ್ ಪ್ರಕಟಿಸಲು ಬೇಕಾದ ಪ್ಲೇ ಕನ್ಸೋಲ್ ಖಾತೆಗೆ 25 ಡಾಲರ್, ಒಂದೇ ಸಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಮುಚ್ಚಿದ ಪರೀಕ್ಷೆ ಕಡ್ಡಾಯ: ಕನಿಷ್ಠ 12 ಮಂದಿ ಸತತ 14 ದಿನ ಪರೀಕ್ಷಕರಾಗಿ ಸೇರಿರಬೇಕು. ಇಮೇಲ್ ಸೇರಿಸಿದರೆ ಸಾಲದು, ಅವರು ಕೊಂಡಿ ಒತ್ತಿ ಒಪ್ಪಬೇಕು. 12ಕ್ಕೆ 12 ಇಟ್ಟುಕೊಂಡರೆ ಒಬ್ಬರು ಹೊರಬಿದ್ದಾಗ ಎಲ್ಲವೂ ನಿಲ್ಲುತ್ತದೆ, 18 ಮಂದಿಯನ್ನು ಸೇರಿಸಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಎಲ್ಲರೂ ಒಳಗೇ ಇರುವಾಗ ಕೇಳಿದರೆ ನಿಜವಾಗಿ ಆಡುತ್ತಾರೆ. 'ಚೆನ್ನಾಗಿದೆಯಾ?' ಎಂದು ಕೇಳಬೇಡಿ. ಮನೆಗೆ ಬಂದವರನ್ನು ನೋಯಿಸಲು ಯಾರೂ ಇಷ್ಟಪಡುವುದಿಲ್ಲ, ಹೌದೆನ್ನುತ್ತಾರೆ. ಫೋನ್ ಕೈಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತು, ಬೆರಳು ಎಲ್ಲಿ ತಡೆಯಿತೆಂದು ಬರೆದುಕೊಳ್ಳಿ.

ಸ್ಟೋರಿಗೆ 512×512 ಐಕಾನ್, 1024×500 ಚಿತ್ರ, ಕನಿಷ್ಠ 2 ಸ್ಕ್ರೀನ್‌ಶಾಟ್, ಗೌಪ್ಯತಾ ನೀತಿಯ ಕೊಂಡಿ, ಡೇಟಾ ಸೇಫ್ಟಿ ಅರ್ಜಿ, ವಯೋಮಿತಿ ಪ್ರಶ್ನಾವಳಿ ಬೇಕು. ಏನೂ ಸಂಗ್ರಹಿಸದಿದ್ದರೂ ಅರ್ಜಿ ತುಂಬಲೇಬೇಕು. ಮೊದಲ ಗೇಮಿನಲ್ಲಿ ಜಾಹೀರಾತು ಹಾಕದಿದ್ದರೆ ಉತ್ತರಗಳೆಲ್ಲ 'ಇಲ್ಲ' ಎಂದು ಸಲೀಸಾಗುತ್ತವೆ. ಹೆಸರಿಗೆ 30 ಅಕ್ಷರ ಮಿತಿ, ಆದರೆ ಎಣಿಕೆ ಯೂನಿಕೋಡಿನದು: 'ಚೆನ್ನೆಮಣೆ' ಒಂದೇ 9 ನುಂಗುತ್ತದೆ. ಚಿಕ್ಕ ವಿವರಣೆ 80. ಕನ್ನಡದ ಪುಟವನ್ನು ಪ್ರತ್ಯೇಕವಾಗಿ ಸೇರಿಸಿ.

ವಿಮರ್ಶೆಗಳು ಬರತೊಡಗಿದಾಗ ನಕ್ಷತ್ರ ಬಿಟ್ಟು ಮಾತನ್ನು ಓದಿ. 'ನಮ್ಮ ಕಡೆ ಹೀಗೆ ಆಡುವುದಿಲ್ಲ' ಎಂಬುದು ದೋಷವಲ್ಲ, ಆ ನಿಯಮವನ್ನು ಬರೆದಿಟ್ಟುಕೊಳ್ಳಿ, ಮುಂದಿನ ಆವೃತ್ತಿಯ ಆಯ್ಕೆ ಅದೇ. 'ತೆರೆದ ಕೂಡಲೇ ಮುಚ್ಚುತ್ತದೆ' ಎಂದವರ ಫೋನಿನ ಮಾಡೆಲ್ ಕನ್ಸೋಲಿನಲ್ಲಿ ಕಾಣುತ್ತದೆ, ಅದನ್ನು ಆ ದಿನವೇ ನೋಡಬೇಕು. ಉತ್ತರಕ್ಕೆ 350 ಅಕ್ಷರ ಮಿತಿ, ಕನ್ನಡದಲ್ಲಿ ಎರಡು ಮೂರು ವಾಕ್ಯಕ್ಕೆ ಮುಗಿಯುತ್ತದೆ: ಯಾವ ಆವೃತ್ತಿಯಲ್ಲಿ ಸರಿಯಾಯಿತೆಂದು ಸಂಖ್ಯೆ ಕೊಟ್ಟು ಬರೆಯಿರಿ. ತಿದ್ದಿದ ಆವೃತ್ತಿಯನ್ನು ಮೊದಲು 20 ಶೇಕಡಾ ಜನರಿಗೆ ಮಾತ್ರ ಬಿಟ್ಟು, ಎರಡು ದಿನ ಕ್ರ್ಯಾಶ್ ವರದಿ ನೋಡಿ, ಆಮೇಲೆ ಎಲ್ಲರಿಗೂ ಬಿಡಿ.