ಮಕ್ಕಳೊಂದಿಗೆ ಮ್ಯೂನಿಕ್‌ಗೆ ಬರುವ ಕನ್ನಡ ಕುಟುಂಬಗಳಿಗೆ

ಮ್ಯೂನಿಕ್‌ನಲ್ಲಿ ಮನೆಯ ಬೀಗದಕೈ ಕೈಗೆ ಬಂದ ದಿನ, ಪೆಟ್ಟಿಗೆ ಬಿಚ್ಚುವುದಕ್ಕೂ ಮೊದಲು ಅಂಚೆಪೆಟ್ಟಿಗೆಯ ಮೇಲೆ ಹೆಸರು ಅಂಟಿಸಿರಿ. ಇಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ. ಅಂಚೆಯವರು ಹೆಸರು ನೋಡಿ ಕಾಗದ ಹಾಕುತ್ತಾರೆ, ಹೆಸರು ಕಾಣದಿದ್ದರೆ ಹಿಂದಕ್ಕೆ ಕಳುಹಿಸುತ್ತಾರೆ. ನಮ್ಮವರಲ್ಲಿ ಅನೇಕರಿಗೆ ಮನೆತನದ ಹೆಸರು ಎಂಬುದೇ ಇಲ್ಲ. ಅಪ್ಪನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಮ್ಮನದರಲ್ಲಿ ಆಕೆಯ ತಂದೆಯ ಹೆಸರು, ಮಗುವಿನದರಲ್ಲಿ ಅಪ್ಪನ ಹೆಸರು ಕೊನೆಯಲ್ಲಿ ಬಂದಿರುತ್ತದೆ. ಹಾಗಿದ್ದರೆ ಮೂರನ್ನೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆದು ಅಂಟಿಸಬೇಕು. ನಾವು ಬಂದ ವರ್ಷ ನಾನು ನನ್ನ ಹೆಸರನ್ನಷ್ಟೇ ಅಂಟಿಸಿದ್ದೆ. ಮಗಳ ಹೆಸರಿಗೆ ಬಂದ ತೆರಿಗೆ ಸಂಖ್ಯೆಯ ಪತ್ರ ವಾಪಸು ಹೋಯಿತು, ಅದನ್ನು ಮತ್ತೆ ತರಿಸಿಕೊಳ್ಳುವಷ್ಟರಲ್ಲಿ ಎರಡು ತಿಂಗಳು ಕಳೆದವು.

ಆ ಪತ್ರ ಅಷ್ಟು ಮುಖ್ಯವಾಗಲು ಕಾರಣವಿದೆ. ಮನೆಗೆ ಬಂದ ಎರಡು ವಾರಗಳೊಳಗೆ ಮಕ್ಕಳೂ ಸೇರಿದಂತೆ ಎಲ್ಲರ ವಿಳಾಸವನ್ನು ನಗರಾಡಳಿತದಲ್ಲಿ ನೋಂದಾಯಿಸಬೇಕೆಂಬುದು ಕಾನೂನು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಬಾಡಿಗೆ ಕರಾರು ಇದಕ್ಕೆ ಸಾಲದು, ನೀವು ಅಲ್ಲಿ ವಾಸಕ್ಕೆ ಬಂದಿರುವಿರೆಂದು ಮನೆ ಕೊಟ್ಟವರು ಸಹಿ ಹಾಕಿದ ಪ್ರತ್ಯೇಕ ದೃಢೀಕರಣ ಬೇಕು. ಜೊತೆಗೆ ಪಾಸ್‌ಪೋರ್ಟುಗಳು, ವಿವಾಹ ಪ್ರಮಾಣಪತ್ರ ಮತ್ತು ಮಕ್ಕಳ ಜನನ ಪ್ರಮಾಣಪತ್ರಗಳ ಮೂಲಪ್ರತಿಗಳನ್ನು ಒಯ್ಯಿರಿ. ನೋಂದಣಿಯಾದ ಕೆಲವು ವಾರಗಳಲ್ಲಿ ಪ್ರತಿಯೊಬ್ಬರಿಗೂ, ಹಾಲುಗಲ್ಲದ ಮಗುವಿಗೂ, ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆ ಸಂಖ್ಯೆಯಿಲ್ಲದೆ ಮಕ್ಕಳ ಭತ್ಯೆಯಾದ ಕಿಂಡರ್‌ಗೆಲ್ಡ್ ಮಂಜೂರಾಗುವುದಿಲ್ಲ. ಬ್ಲೂ ಕಾರ್ಡಿನ, ಅಂದರೆ ಉನ್ನತ ಕೌಶಲದ ಉದ್ಯೋಗಿಗಳಿಗೆ ಕೊಡುವ ವಾಸ ಪರವಾನಗಿಯ, ಮೇಲೆ ಬಂದವರಿಗೂ ಈ ಭತ್ಯೆ ಸಿಗುತ್ತದೆ. 2025ರಲ್ಲಿ ಮಗುವೊಂದಕ್ಕೆ ತಿಂಗಳಿಗೆ 255 ಯೂರೋ ಇದ್ದದ್ದು 2026ರಿಂದ 259 ಆಗಿದೆ. ತಡವಾಗಿ ಅರ್ಜಿ ಹಾಕಿದರೆ ಹಿಂದಿನ ಆರು ತಿಂಗಳ ಹಣ ಮಾತ್ರ ಬರುತ್ತದೆ, ಆದ್ದರಿಂದ ಮುಂದೂಡಬೇಡಿ.

ಶಾಲೆಗೆ ಹೋಗುವ ಮಕ್ಕಳಿರುವವರು ಬರುವ ತಿಂಗಳನ್ನು ಯೋಚಿಸಿ ಆರಿಸಿಕೊಳ್ಳುವುದು ಒಳ್ಳೆಯದು. ಕರ್ನಾಟಕದಲ್ಲಿ ಏಪ್ರಿಲ್ ಹೊತ್ತಿಗೆ ವರ್ಷ ಮುಗಿಯುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಮಧ್ಯದವರೆಗೆ ಬೇಸಿಗೆ ರಜೆಯಿದ್ದು, ಆಮೇಲೆ ಹೊಸ ವರ್ಷ ಶುರುವಾಗುತ್ತದೆ. ಹೊಸ ವರ್ಷಕ್ಕೇ ಸೇರಿಸೋಣವೆಂದು ಆಗಸ್ಟಿನಲ್ಲಿ ಬಂದಿಳಿಯುವವರು ಹೆಚ್ಚು, ಆದರೆ ಆಗ ಶಾಲೆಗಳು ಮುಚ್ಚಿರುತ್ತವೆ, ನೆರೆಯ ಮಕ್ಕಳು ಊರಿಗೆ ಹೋಗಿರುತ್ತಾರೆ, ಮಗು ಆರು ವಾರ ನಾಲ್ಕು ಗೋಡೆಗಳ ನಡುವೆ ಕೂರಬೇಕಾಗುತ್ತದೆ. ಮೇ ತಿಂಗಳಲ್ಲೇ ಬಂದರೆ ವರ್ಷದ ಕೊನೆಯ ಎರಡು ತಿಂಗಳು ತರಗತಿಯಲ್ಲಿ ಕುಳಿತು, ಒಬ್ಬಿಬ್ಬರು ಗೆಳೆಯರನ್ನು ಮಾಡಿಕೊಂಡು ರಜೆಗೆ ಹೋಗಬಹುದು ಎಂಬುದು ನಮ್ಮ ಅನುಭವ. ಸರ್ಕಾರಿ ಪ್ರಾಥಮಿಕ ಶಾಲೆಯನ್ನು ನಿಮ್ಮ ವಿಳಾಸವೇ ನಿರ್ಧರಿಸುವುದರಿಂದ, ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಆ ಬೀದಿ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆಂದು ನೋಡಿಕೊಳ್ಳಿ. ಜರ್ಮನ್ ಬಾರದ ಮಕ್ಕಳಿಗೆ ಕೆಲವು ಶಾಲೆಗಳಲ್ಲಿ ಡಾಯ್ಚ್‌ಕ್ಲಾಸೆ ಎಂಬ ಪ್ರತ್ಯೇಕ ತರಗತಿಗಳಿವೆ. ಊರಿನಲ್ಲಿ ಮೂರನೆಯ ತರಗತಿ ಮುಗಿಸಿದ ಮಗುವನ್ನು ಮತ್ತೆ ಮೂರಕ್ಕೇ ಕೂರಿಸಿದರೆ ಅದನ್ನು ಅವಮಾನವೆಂದು ದಯವಿಟ್ಟು ಭಾವಿಸಬೇಡಿ, ಮಗುವಿನ ಮುಂದೆ ಹಾಗೆ ಮಾತನಾಡಲೂ ಬೇಡಿ. ನಾಲ್ಕನೆಯ ತರಗತಿಯ ನಂತರ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುವ ವ್ಯವಸ್ಥೆ ಇಲ್ಲಿರುವುದರಿಂದ, ಭಾಷೆ ಹಿಡಿತಕ್ಕೆ ಸಿಗಲು ದೊರೆತ ಒಂದು ವರ್ಷ ಲಾಭವೇ. ಶಾಲಾ ದಿನಗಳಲ್ಲಿ ಅನುಮತಿಯಿಲ್ಲದೆ ರಜೆ ಹಾಕಿ ಬೆಂಗಳೂರಿಗೆ ಹೊರಟರೆ ದಂಡ ಬೀಳಬಹುದು. ವಿಮಾನದ ಟಿಕೆಟನ್ನು ರಜೆಯ ಪಟ್ಟಿ ನೋಡಿಯೇ ಕೊಳ್ಳಬೇಕು.

ಚಿಕ್ಕ ಮಕ್ಕಳ ಕೀಟಾಗೆ, ಅಂದರೆ ಶಿಶುವಿಹಾರಕ್ಕೆ, ನಗರದ ಕೀಟಾ ಫೈಂಡರ್ ತಾಣದಲ್ಲಿ ಹೆಸರು ಬರೆಸಬೇಕು. ಸ್ಥಳ ಸಿಕ್ಕ ಮೇಲೂ ಮಗುವನ್ನು ಬಿಟ್ಟು ಕಚೇರಿಗೆ ಹೋಗಲಾಗದು. ಮೊದಲ ಕೆಲವು ದಿನ ತಂದೆ ಅಥವಾ ತಾಯಿ ಕೋಣೆಯಲ್ಲೇ ಇರುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಹೊರಗೆ, ಮತ್ತೆ ಇನ್ನಷ್ಟು ಹೊತ್ತು. ಹೀಗೆ ಒಗ್ಗಿಸಲು ಕೆಲವು ವಾರ ಬೇಕಾಗುತ್ತದೆ. ಹೊಸ ಕೆಲಸಕ್ಕೆ ಸೇರುವ ದಿನವನ್ನು ಇದಕ್ಕೆ ಹೊಂದಿಸಿಕೊಳ್ಳಿ. 2020ರ ಮಾರ್ಚ್‌ನಿಂದ ಕೀಟಾ ಮತ್ತು ಶಾಲೆಗಳೆರಡಕ್ಕೂ ದಡಾರ ಲಸಿಕೆಯ ಪುರಾವೆ ಕಡ್ಡಾಯವಾಗಿದೆ. ಎರಡು ವರ್ಷ ತುಂಬಿದ ಮಗುವಿಗೆ ಎರಡು ಡೋಸ್ ಆಗಿರಬೇಕು. ತಾಯಿ ಕಾರ್ಡನ್ನೋ ಲಸಿಕೆ ಪುಸ್ತಕವನ್ನೋ ಹಡಗಿನಲ್ಲಿ ಬರುವ ಸಾಮಾನಿನೊಳಗೆ ಹಾಕದೆ ಕೈಚೀಲದಲ್ಲೇ ತನ್ನಿರಿ, ಮಕ್ಕಳ ವೈದ್ಯರಲ್ಲಿ ಬೇಗನೆ ತೋರಿಸಿ ಇಲ್ಲಿನ ಪುಸ್ತಕಕ್ಕೆ ಬರೆಸಿಕೊಳ್ಳಿ. ಪ್ರಾಣಾಪಾಯವಿದ್ದರೆ 112ಕ್ಕೆ, ವೈದ್ಯರು ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಜ್ವರ ಏರಿದರೆ 116117ಕ್ಕೆ ಕರೆ ಮಾಡಿ.

ಮನೆಯ ವಿಚಾರದಲ್ಲಿ ನಮ್ಮವರು ಹೆಚ್ಚು ಎಡವುವುದು ಗಾಳಿಯಾಡಿಸುವುದರಲ್ಲಿ. ಚಳಿಗೆ ಹೆದರಿ ಕಿಟಕಿ ಮುಚ್ಚಿ, ಒಳಗೆ ಕುಕ್ಕರ್ ಕೂಗಿಸಿ, ಬಟ್ಟೆಯನ್ನೂ ಒಳಗೇ ಒಣಗಿಸಿದರೆ ಆ ತೇವವೆಲ್ಲ ತಣ್ಣನೆಯ ಹೊರಗೋಡೆಯ ಮೂಲೆಯಲ್ಲಿ ಕೂರುತ್ತದೆ. ಮಂಚದ ಹಿಂದೆ ಮೊದಲು ಬೂದುಚುಕ್ಕಿಗಳು, ವಾರ ಕಳೆದರೆ ಕಪ್ಪು ಬೂಷ್ಟು, ಪಕ್ಕದಲ್ಲೇ ಮಗುವಿನ ದಿಂಬು. ದಿನಕ್ಕೆ ಎರಡು ಮೂರು ಸಲ ಹೀಟರ್ ತಗ್ಗಿಸಿ, ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ. ಮಂಚ, ಬೀರುಗಳನ್ನು ಹೊರಗೋಡೆಗೆ ತಾಗಿಸಬೇಡಿ. ಠೇವಣಿಯು ಮೂರು ತಿಂಗಳ ಮೂಲ ಬಾಡಿಗೆಯನ್ನು (ಹೀಟರ್ ಮತ್ತಿತರ ಖರ್ಚು ಸೇರದ ಬಾಡಿಗೆಯನ್ನು) ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ನಿಮಗಿದೆ. ಹಲವು ಮನೆಗಳಿಗೆ ಅಡುಗೆಮನೆಯ ಒಲೆ, ಸಿಂಕು ಕೂಡ ಇರುವುದಿಲ್ಲ, ಹಾಲುಕ್ಕಿಸುವ ದಿನಕ್ಕೆ ಒಂದು ಸಣ್ಣ ವಿದ್ಯುತ್ ಒಲೆ ಕೊಂಡಿಟ್ಟುಕೊಳ್ಳಿ.

ಮಗು ಬೇಗ ಜರ್ಮನ್ ಕಲಿಯಲೆಂದು ಮನೆಯಲ್ಲಿ ತಪ್ಪು ತಪ್ಪು ಜರ್ಮನ್ ಆಡುವ ತಂದೆತಾಯಿಯರಿಗೆ ನಮ್ಮ ಕಳಕಳಿಯ ವಿನಂತಿ: ಕನ್ನಡವನ್ನೇ ಆಡಿ. ಜರ್ಮನ್ ಅಂಗಳದಲ್ಲಿ, ತರಗತಿಯಲ್ಲಿ ತಾನಾಗಿ ಬರುತ್ತದೆ; ಹೊಸ ಊರಿನಲ್ಲಿ ದಿನವಿಡೀ ಅರ್ಥವಾಗದ ಮಾತುಗಳ ನಡುವೆ ಇದ್ದು ಬಂದ ಮಗುವಿಗೆ ಸಂಜೆ ತನ್ನ ಸಂಕಟ ಹೇಳಿಕೊಳ್ಳಲು ಇರುವ ಭಾಷೆ ಕನ್ನಡವೇ.

ಕಂಪನಿ ಕೊಟ್ಟ ತಾತ್ಕಾಲಿಕ ಮನೆಯಿಂದ ಸ್ವಂತ ಬಾಡಿಗೆ ಮನೆಗೆ ಹೋಗುವಾಗ ವಿಳಾಸ ನೋಂದಣಿಯನ್ನು ಎರಡು ವಾರಗಳೊಳಗೆ ಮತ್ತೆ ಮಾಡಿಸಬೇಕು, ಶಾಲೆಯ ವ್ಯಾಪ್ತಿಯೂ ಬದಲಾಗಬಹುದು. ಅಂಚೆ ಸಂಸ್ಥೆಯಲ್ಲಿ ಹೊಸ ವಿಳಾಸಕ್ಕೆ ಕಾಗದ ತಲುಪಿಸುವ ಸೇವೆಯನ್ನು ಕುಟುಂಬದ ಎಲ್ಲ ಹೆಸರುಗಳಿಗೂ ಮೊದಲೇ ಕೋರಿಕೊಳ್ಳಿ, ಮತ್ತು ಹಳೆಯ ಅಂಚೆಪೆಟ್ಟಿಗೆಯ ಕೀಲಿ ಹಿಂದಿರುಗಿಸುವ ಮುನ್ನ ಕೊನೆಯದಾಗಿ ಒಮ್ಮೆ ತೆರೆದು ನೋಡಿ.