ಹೊಸ ಫ್ಲೇಂಜ್ ಹಾಕುವ ಮುಂಚೆ ಜೀಪಿನ ಗ್ರೀಸ್ ನೋಡಿ

ಹೋದ ಮಳೆಗಾಲ. ನವಲಗುಂದದ ಕಡೆ ಎರೆ ಹೊಲದ ದಾರಿಯಲ್ಲಿ ನನ್ನ ಹಳೆಯ ಜೀಪಿನ ಮುಂದಿನ ಚಕ್ರ ಗುರ್ ಎನ್ನತೊಡಗಿತು. ಫೋರ್ ವೀಲ್ ಹಾಕಿ ಹಿಂದೆ ಮುಂದೆ ಮಾಡಿದರೆ ‘ಟಕ್’ ಎಂಬ ಸದ್ದು ಬೇರೆ. ಚಕ್ರವನ್ನು ತಿರುಗಿಸುವ ಫ್ಲೇಂಜ್ ಸವೆದಿದೆ, ಗಟ್ಟಿಯಾದದ್ದು ಹಾಕಿಸಿದರೆ ಮುಗಿಯಿತು ಎಂದುಕೊಂಡೆ. ಹುಬ್ಬಳ್ಳಿಯಲ್ಲಿ ಹಬ್, ಅಂದರೆ ಚಕ್ರದ ನಡುಭಾಗ, ಬಿಚ್ಚಿದ ಮೇಸ್ತ್ರಿ ಬೆರಳಲ್ಲಿ ಒಂದಿಷ್ಟು ತೆಗೆದು ತೋರಿಸಿದರು. ‘ಇದು ಗ್ರೀಸ್ ಅಲ್ರೀ ಸರ, ಚಾ ಆಗೇತಿ.’ ನಿಜಕ್ಕೂ ಹಾಲು ಹಾಕಿದ ಚಹಾದ ಬಣ್ಣವೇ. ನೀರು ಒಳಗೆ ಹೊಕ್ಕಿತ್ತು. ಫ್ಲೇಂಜ್ ಸವೆದದ್ದು ಆಮೇಲಿನ ಮಾತು.

ಹಳೆಯ ಜೀಪುಗಳ ಮುಂದಿನ ಆಕ್ಸಲ್ ಫುಲ್ ಫ್ಲೋಟಿಂಗ್. ಅಂದರೆ ಗಾಡಿಯ ಭಾರ ಹೊರುವುದು ಹಬ್ ಒಳಗಿನ ಎರಡು ಬೇರಿಂಗ್. ಆಕ್ಸಲ್ ಶಾಫ್ಟಿನ ಕೆಲಸ ತಿರುಗಿಸುವುದಷ್ಟೇ. ಶಾಫ್ಟಿನ ತುದಿಯ ಹಲ್ಲುಗಳನ್ನು ಹಿಡಿದು ಆ ತಿರುಗುವಿಕೆಯನ್ನು ಹಬ್‌ಗೆ ಕೊಡುವ ತಟ್ಟೆಯೇ ಡ್ರೈವ್ ಫ್ಲೇಂಜ್. ಅನೇಕ ಗಾಡಿಗಳ ಹಿಂದಿನ ಆಕ್ಸಲ್ ಸೆಮಿ ಫ್ಲೋಟಿಂಗ್ ಇರುತ್ತದೆ, ಅಲ್ಲಿ ಶಾಫ್ಟೇ ಭಾರವನ್ನೂ ಹೊರುತ್ತದೆ. ಅದಕ್ಕೆ ಈ ಕ್ರಮ ಹೊಂದುವುದಿಲ್ಲ.

ನೀರು ಒಳಗೆ ಹೋಗುವುದು ಹೇಗೆ? ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿದ ಹಬ್ ಬಿಸಿಯಾಗಿರುತ್ತದೆ. ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ಹಳ್ಳಕ್ಕೆ ಇಳಿಸಿದರೆ ಹಬ್ ಥಟ್ಟನೆ ತಣ್ಣಗಾಗುತ್ತದೆ, ಗಾಳಿ ಕುಗ್ಗುತ್ತದೆ. ಆಗ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎರೆಮಣ್ಣಿನ ರಾಡಿ ಇನ್ನೂ ಕಷ್ಟ. ಅಂಟಿಕೊಂಡು ಒಣಗಿ ಸೀಲಿನ ತುಟಿಯನ್ನು ತಿನ್ನುತ್ತದೆ.

ಕೆಲಸ ಶುರು ಮಾಡುವ ಮುಂಚೆ ಒಂದು ಪರೀಕ್ಷೆ. ಸಮನಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರ ಎತ್ತಿ. ಬರೀ ಜಾಕಿಯನ್ನು ನಂಬಬೇಡಿ, ಸ್ಟ್ಯಾಂಡ್ ಇಡಲೇಬೇಕು. ಫ್ಲೇಂಜಿನ ಮುಚ್ಚಳ ತೆಗೆದು, ಶಾಫ್ಟಿನ ತುದಿಯಿಂದ ಫ್ಲೇಂಜಿನವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಫೋರ್ ವೀಲ್ ಹಾಕಿ, ಗೇರಿನಲ್ಲಿಟ್ಟು, ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ. ಫ್ಲೇಂಜ್ ಮೊದಲು ಸರಿದು ಶಾಫ್ಟ್ ಆಮೇಲೆ ಬಂದರೆ ಹಲ್ಲು ಸವೆದಿದೆ. ಅಲ್ಲಿ ಕೆಂಪು ಪುಡಿ ಕಂಡರೆ ಗ್ರೀಸ್ ಇಲ್ಲದೆ ಉಜ್ಜಿದೆ ಎಂದರ್ಥ. ಚಕ್ರವನ್ನು ಮೇಲೆ ಕೆಳಗೆ ಹಿಡಿದೂ ಅಲ್ಲಾಡಿಸಿ. ಲೊಡಲೊಡ ಎಂದರೆ ಬೇರಿಂಗ್ ಸಡಿಲ.

ಇನ್ನು ಬಿಚ್ಚಿ. ಸರ್ಕ್ಲಿಪ್ (ಶಾಫ್ಟಿನ ತುದಿಯ ಸ್ಪ್ರಿಂಗ್ ಬಳೆ), ಫ್ಲೇಂಜಿನ ಬೋಲ್ಟು, ಫ್ಲೇಂಜ್. ಕೆಲವು ಜೀಪುಗಳಲ್ಲಿ ಫ್ಲೇಂಜಿನ ಹಿಂದೆ ಶಿಮ್, ಅಂದರೆ ಅಳತೆ ಸರಿಪಡಿಸುವ ತೆಳು ತಗಡಿನ ಬಿಲ್ಲೆಗಳು ಇರುತ್ತವೆ. ಎಷ್ಟಿದ್ದವು ಎಂದು ಬರೆದಿಡಿ. ಆಮೇಲೆ ಲಾಕ್ ನಟ್, ಮಡಚಿದ ವಾಶರ್, ಒಳಗಿನ ನಟ್. ಇವಕ್ಕೆ ಸರಿಯಾದ ದೊಡ್ಡ ಬಾಕ್ಸ್ ಪಾನಾ ಬೇಕು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ನಟ್ಟಿನ ಮೂಲೆ ಹೋದರೆ ಮುಂದೆ ಸರಿಯಾಗಿ ಬಿಗಿಯಲು ಆಗುವುದೇ ಇಲ್ಲ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಂಪ್ರೆಸರ್ ಗಾಳಿಯಿಂದ ಗಿರಗಿರ ತಿರುಗಿಸಬೇಡಿ, ರೋಲರ್ ಸಿಡಿದು ಕಣ್ಣಿಗೆ ಹೊಡೆಯಬಹುದು. ರೋಲರ್ ಮೇಲೆ ಗುಳಿ, ನೀಲಿ ಕಲೆ, ತುಕ್ಕು ಕಂಡರೆ ಬದಲಿಸಿ. ಕೋನ್ (ರೋಲರ್ ಇರುವ ಒಳಭಾಗ) ಹೊಸದು, ಕಪ್ (ಹೊರಬಳೆ) ಹಳೆಯದು ಎಂಬ ಲೆಕ್ಕ ಬೇಡ, ಎರಡೂ ಜೋಡಿಯಾಗಿಯೇ ಬದಲಾಗಬೇಕು. ಅಂಗಡಿಗೆ ಹೋಗುವಾಗ ಬೇರಿಂಗ್ ಮೇಲಿನ ನಂಬರ್ ಒಯ್ಯಿರಿ. ವಿಲ್ಲಿಸ್ ಮಾದರಿಯ ಹಬ್‌ನಲ್ಲಿ ಸಾಮಾನ್ಯವಾಗಿ 18590 ಕೋನ್, 18520 ಕಪ್ ಇರುತ್ತದೆ. ಸೀಲ್ ಮಾತ್ರ ಪ್ರತಿ ಸಲ ಹೊಸದೇ ಇರಲಿ.

ಗ್ರೀಸ್ ವಿಷಯದಲ್ಲಿ ದಯವಿಟ್ಟು ಜಿಪುಣತನ ಬೇಡ. ಚಾಸಿಗೆ ಹೊಡೆಯುವ ಅಗ್ಗದ ಗ್ರೀಸ್ ಇಲ್ಲಿ ನಡೆಯುವುದಿಲ್ಲ, ಬ್ರೇಕಿನ ಬಿಸಿಗೆ ಕರಗಿ ಹರಿಯುತ್ತದೆ. ಲಿಥಿಯಂ ಕಾಂಪ್ಲೆಕ್ಸ್ ಇ.ಪಿ. (ಹೆಚ್ಚು ಒತ್ತಡ ತಡೆಯುವಂಥದ್ದು), ಎನ್.ಎಲ್.ಜಿ.ಐ. 2 (ಗ್ರೀಸಿನ ಗಟ್ಟಿತನದ ದರ್ಜೆ) ಎಂದು ಡಬ್ಬಿಯ ಮೇಲಿರಲಿ. ಹಳೆಯದನ್ನು ಪೂರ್ತಿ ಒರೆಸಿ ತೆಗೆಯದೆ ಹೊಸದನ್ನು ಬೆರೆಸಬೇಡಿ. ಅಂಗೈಯಲ್ಲಿ ಒಂದು ಮುದ್ದೆ ಇಟ್ಟು, ಬೇರಿಂಗಿನ ದಪ್ಪ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ. ರೋಲರ್‌ಗಳ ನಡುವಿನಿಂದ ಇನ್ನೊಂದು ಬದಿಗೆ ಗ್ರೀಸ್ ಹೊರಬರಬೇಕು. ಸುತ್ತಲೂ ಹೀಗೇ ಮಾಡಿ. ಹಬ್ಬಿನ ಹೊಟ್ಟೆಯನ್ನು ಮಾತ್ರ ಭರ್ತಿ ಮಾಡಬೇಡಿ, ಅರ್ಧಕ್ಕಿಂತ ಕಡಿಮೆ ಸಾಕು. ಜಾಸ್ತಿ ತುಂಬಿದರೆ ಬಿಸಿಯಾಗಿ ಸೀಲನ್ನೇ ಹೊರಗೆ ದಬ್ಬುತ್ತದೆ.

ಹಳೆಯ ಲ್ಯಾಂಡ್ ರೋವರ್‌ಗಳ ಹಬ್ ಬೇರಿಂಗಿಗೆ ಆಕ್ಸಲ್ ಆಯಿಲ್ಲೇ ಹರಿದು ಬರುತ್ತಿತ್ತು, ಫ್ಲೇಂಜಿನ ಹಲ್ಲೂ ನೆನೆಯುತ್ತಿತ್ತು. ಈಗಲೂ ಕೆಲವರು ಆಯಿಲ್ ಪದ್ಧತಿಗೇ ಮರಳುತ್ತಾರೆ. ನಮ್ಮ ರಾಡಿಗೆ ನಾನು ಗ್ರೀಸನ್ನೇ ಹೇಳುತ್ತೇನೆ. ಸೀಲ್ ಹೋದರೆ ಆಯಿಲ್ ನೇರ ಬ್ರೇಕಿಗೆ ಬರುತ್ತದೆ. ನಿಮ್ಮ ಜೀಪಿನ ಗ್ರೀಸ್ ತೆಳ್ಳಗಾಗಿ ಗೇರ್ ಆಯಿಲ್ ವಾಸನೆ ಬಂದರೆ ಆಕ್ಸಲ್ಲಿನ ಒಳಸೀಲ್ ಸೋರುತ್ತಿದೆ, ಅದನ್ನೂ ಬದಲಿಸಿ.

ಹಬ್ ಕೂರಿಸಿ, ಚಕ್ರ ತಿರುಗಿಸುತ್ತಲೇ ಒಳನಟ್ ಬಿಗಿಯಿರಿ. ಚಕ್ರ ಹಿಡಿದಂತಾದ ಕೂಡಲೇ ಸುಮಾರು ಆರನೇ ಒಂದು ಸುತ್ತು ಸಡಿಲಿಸಿ. ಚಕ್ರ ಸಲೀಸಾಗಿ ತಿರುಗಬೇಕು, ಅಲ್ಲಾಡಬಾರದು. ವಾಶರ್, ಲಾಕ್ ನಟ್ ಹಾಕಿ ಬಿಗಿದ ಮೇಲೆ ಮತ್ತೊಮ್ಮೆ ನೋಡಿ, ಏಕೆಂದರೆ ಲಾಕ್ ನಟ್ ಬಿಗಿದಾಗ ಅಳತೆ ಬದಲಾಗುತ್ತದೆ. ಎಲ್ಲ ಸರಿ ಇದ್ದರೆ ವಾಶರ್ ಮಡಚಿ.

ಈಗ ಫ್ಲೇಂಜ್. ಎರಕದ್ದಕ್ಕಿಂತ ಫೋರ್ಜ್ ಮಾಡಿದ ಅಲಾಯ್ ಸ್ಟೀಲಿನದು ಗಟ್ಟಿ. ಹಲ್ಲಿನ ಉದ್ದ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಒ-ರಿಂಗ್ (ರಬ್ಬರ್ ಬಳೆ) ಕೂರುವ ತೋಡು ಇದ್ದರೆ ನೀರಿಗೆ ಇನ್ನೊಂದು ತಡೆ. ಕೊಳ್ಳುವ ಮುಂಚೆ ಹಲ್ಲು ಎಣಿಸಿ, ಬೋಲ್ಟಿನ ತೂತು ಹೊಂದಿಸಿ ನೋಡಿ. ಫ್ಲೇಂಜ್ ತೀರಾ ದಪ್ಪವಾದರೆ ಸರ್ಕ್ಲಿಪ್ ಕೂರಲು ಜಾಗವೇ ಸಿಗುವುದಿಲ್ಲ. ಗೋಕುಲ ರಸ್ತೆಯ ಲೇತ್‌ಗಳಲ್ಲಿ ಅದರ ಮುಖವನ್ನು ಸ್ವಲ್ಪ ಕೆತ್ತಿಸಿ ತೆಳು ಮಾಡಿಸಿಕೊಳ್ಳಬಹುದು, ಆದರೆ ಹಲ್ಲನ್ನು ವೆಲ್ಡ್ ಮಾಡಿ ತುಂಬಿಸುವ ಕೆಲಸಕ್ಕೆ ಒಪ್ಪಬೇಡಿ. ಹದ ಹೋಗಿ ಮುರಿಯುತ್ತದೆ. ಇನ್ನೊಂದು ಮಾತು. ಫ್ಲೇಂಜ್ ಬಲವಾದರೆ ಏಟು ಒಳಗಿನ ಶಾಫ್ಟು, ಜಾಯಿಂಟಿಗೆ ಹೋಗುತ್ತದೆ. ಅವು ಹಳೆಯವಿದ್ದರೆ ಸಾದಾ ಫ್ಲೇಂಜೇ ಸಾಕು. ದಾರಿಯಲ್ಲಿ ಫ್ಲೇಂಜ್ ಬದಲಿಸಬಹುದು, ಶಾಫ್ಟ್ ಬದಲಿಸುವುದು ಸುಲಭವಲ್ಲ.

ಹಲ್ಲಿಗೆ ಗ್ರೀಸ್ ಸವರಿ, ಹೊಸ ಪ್ಯಾಕಿಂಗ್ ಇಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಹಳೆಯ ಜೀಪಿನ ಬೋಲ್ಟು ಇಂಚಿನ ಲೆಕ್ಕದವು, ಎಂ.ಎಂ. ಬೋಲ್ಟು ತುರುಕಬೇಡಿ.

ಧಾರವಾಡದವರೆಗೆ ಒಮ್ಮೆ ಓಡಿಸಿ ಬಂದು ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ನಟ್ ಬಿಗಿಯಾಗಿದೆ. ನೂರು ಕಿಲೋಮೀಟರ್ ಆದ ಮೇಲೆ ಬೋಲ್ಟು ಮತ್ತೆ ನೋಡಿ. ಆಕ್ಸಲ್ಲಿನ ಬ್ರೀದರಿಗೆ (ಒಳಗಿನ ಗಾಳಿ ಆಡುವ ತೂತಿಗೆ) ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿ. ಬೆಣ್ಣೆಹಳ್ಳ ತುಂಬಿ ಬಂದಾಗ ಇಳಿಯಲೇಬೇಡಿ. ಸಣ್ಣ ಹಳ್ಳವಾದರೂ ದಂಡೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿ, ಹಬ್ ಆರಿದ ಮೇಲೆ ದಾಟಿಸಿ. ಆ ವಾರವೇ ಮುಚ್ಚಳ ತೆಗೆದು ನೋಡಿ. ಗ್ರೀಸ್ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ, ಅಂದೇ ಬಿಚ್ಚಿ.