ಉಗುರು ಸಿಕ್ಕುವ ಗೀರು: ಕಾರಿನ ಬಣ್ಣ ಮನೆಯಲ್ಲೇ ಸರಿಮಾಡುವುದು ಹೇಗೆ?

ಗೇಟಿನ ಚಿಲಕ ಹೊರಗೆ ಚಾಚಿಕೊಂಡಿತ್ತು. ರಿವರ್ಸ್ ತೆಗೆಯುವಾಗ ಅದು ಕಣ್ಣಿಗೆ ಬೀಳಲಿಲ್ಲ, ಕಿವಿಗೆ ಬಿತ್ತು. ಇಳಿದು ನೋಡಿದರೆ ಹಿಂದಿನ ಬಾಗಿಲ ಮೇಲೆ ಗೇಣುದ್ದದ ಗೀರು. ನಡುವೆ ಒಂದು ಕಡೆ ತಗಡೇ ಹೊಳೆಯುತ್ತಿತ್ತು. ಗ್ಯಾರೇಜಿನಲ್ಲಿ ಇಡೀ ಬಾಗಿಲಿಗೆ ಬಣ್ಣ ಹೊಡೆಯಬೇಕು ಅಂದರು. ಅದು ಸುಳ್ಳೇನಲ್ಲ, ಹೊಸದರಂತೆ ಕಾಣಬೇಕಾದರೆ ಅದೇ ದಾರಿ. ನನಗೆ ಬೇಕಿದ್ದದ್ದು ಎರಡೇ. ತುಕ್ಕು ಹಿಡಿಯಬಾರದು, ನಾಲ್ಕು ಹೆಜ್ಜೆ ದೂರದಿಂದ ಕಾಣಬಾರದು. ಅಷ್ಟಕ್ಕೆ ಒಂದು ಪುಟ್ಟ ಬಾಟಲಿ ಟಚ್-ಅಪ್ ಪೇಂಟ್, ಒಂದಿಷ್ಟು ಪ್ರೈಮರ್ (ಬಣ್ಣದ ಕೆಳಗೆ ಹಚ್ಚುವ ತಳಪದರ) ಮತ್ತು ಕ್ಲಿಯರ್ ಕೋಟ್ (ಬಣ್ಣದ ಮೇಲೆ ಬರುವ ಪಾರದರ್ಶಕ ಪದರ), ಒಂದೆರಡು ಹಾಳೆ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದ) ಸಾಕು. ಜೊತೆಗೆ ಒಂದು ವಾರ ಸುಮ್ನೆ ಕಾಯುವ ಮನಸ್ಸು ಬೇಕು. ಕಷ್ಟ ಇರುವುದು ಅಲ್ಲೇ.

ಮೊದಲು ಗೀರು ಎಷ್ಟು ಆಳ ನೋಡಿ. ಆ ಜಾಗ ತೊಳೆದು, ಒಣಗಿಸಿ, ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯಿರಿ. ಜಾರಿಕೊಂಡು ಹೋದರೆ ಕೆಟ್ಟಿರುವುದು ಮೇಲಿನ ಕ್ಲಿಯರ್ ಕೋಟ್ ಮಾತ್ರ. ರಬ್ಬಿಂಗ್ ಕಾಂಪೌಂಡ್ (ಹೊಳಪು ಬರಿಸಲು ಉಜ್ಜುವ ಪೇಸ್ಟ್) ಹಾಕಿ ಉಜ್ಜಿದರೆ ಕೆಲಸ ಮುಗಿಯಿತು, ಮುಂದಿನದ್ದು ಓದಬೇಕಾಗಿಲ್ಲ. ಉಗುರು ಸಿಕ್ಕಿಕೊಂಡರೆ ಗೀರಿನ ತಳದ ಬಣ್ಣ ನೋಡಿ. ಬೂದು ಅಥವಾ ಮಾಸಲು ಬಿಳಿ ಕಂಡರೆ ಸಾಮಾನ್ಯವಾಗಿ ಅದು ಪ್ರೈಮರ್. ಹೊಳೆಯುತ್ತಿದ್ದರೆ ತಗಡು. ಕಂದು ಬಣ್ಣವಾದರೆ ತುಕ್ಕು ಆಗಲೇ ಶುರುವಾಗಿದೆ.

ಟೂತ್‌ಪೇಸ್ಟ್ ಉಜ್ಜಿದರೆ ಗೀರು ಮಾಯವಾಗುತ್ತದೆ ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ಅದು ಸಣ್ಣಗೆ ಉಜ್ಜುವ ಪುಡಿ ಇರುವ ಪೇಸ್ಟ್ ಅಷ್ಟೇ. ಮೇಲಿನ ಸಣ್ಣ ತರಚು ಮಸುಕಾಗಬಹುದು. ಇಲ್ಲದ ಬಣ್ಣ ಅದರಿಂದ ಎಲ್ಲಿಂದ ಬರಬೇಕು?

ಬಣ್ಣ ತರುವಾಗ ‘ಬಿಳಿ ಕೊಡಿ’ ಅನ್ನಬೇಡಿ, ಬಿಳಿಯಲ್ಲೇ ಹತ್ತಾರು ಬಗೆ. ಪ್ರತಿ ಕಾರಿನ ಬಣ್ಣಕ್ಕೂ ಒಂದು ಕೋಡ್ ಇರುತ್ತದೆ. ಹೆಚ್ಚಾಗಿ ಮುಂದಿನ ಬಾಗಿಲು ತೆರೆದರೆ ಕಾಣುವ ಚೌಕಟ್ಟಿನ ಮೇಲೋ ಬಾನೆಟ್ ಕೆಳಗೋ ಸಣ್ಣ ಸ್ಟಿಕ್ಕರ್ ಅಥವಾ ಪಟ್ಟಿಯಲ್ಲಿ ಬರೆದಿರುತ್ತಾರೆ. ಕೋಡ್ ಸರಿಯಿದ್ದರೂ ಹಳೆಯ ಕಾರಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ. ಅದಕ್ಕೇ ರಟ್ಟಿನ ಚೂರಿಗೆ ಒಂದು ಹನಿ ಹಚ್ಚಿ, ಒಣಗಿದ ಮೇಲೆ ಕಾರಿನ ಪಕ್ಕ ಹಿಡಿದು ನೋಡಿ. ಮೆಟಾಲಿಕ್ ಬಣ್ಣವಾದರೆ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಅದರೊಳಗಿನ ಹೊಳೆಯುವ ಚೂರುಗಳು ಸ್ಪ್ರೇಯಲ್ಲಿ ಕೂರುವ ಹಾಗೆ ಕಡ್ಡಿಯಿಂದ ಹಚ್ಚಿದಾಗ ಕೂರುವುದಿಲ್ಲ. ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

ಕೆಲಸಕ್ಕೆ ನೆರಳು ಬೇಕು, ಗಾಳಿಯಾಡಬೇಕು, ಹತ್ತಿರ ಬೆಂಕಿ ಇರಬಾರದು. ಬಿಸಿಲಲ್ಲಿ ಕಾದ ತಗಡಿನ ಮೇಲೆ ಬಣ್ಣ ಹರಡುವ ಮೊದಲೇ ಒಣಗುತ್ತದೆ. ಮಳೆಯ ತೇವದಲ್ಲಿ ಹಚ್ಚಿದರೆ ಮಂಜು ಕವಿದಂತೆ ಬೆಳ್ಳಗಾಗಬಹುದು.

ಶಾಂಪೂ ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಹಳೆಯ ವ್ಯಾಕ್ಸ್, ಜಿಡ್ಡು ಉಳಿದರೆ ಹೊಸ ಬಣ್ಣ ಎದ್ದು ಬರುತ್ತದೆ. ತುಕ್ಕಿದ್ದರೆ ಗೀರಿನ ಎರಡೂ ಬದಿ ಟೇಪ್ ಅಂಟಿಸಿ, ಕಡ್ಡಿಯ ತುದಿಗೆ ಉಪ್ಪುಕಾಗದದ ಚೂರು ಸುತ್ತಿ ಗೀರಿನ ಒಳಗಷ್ಟೇ ಕೆರೆಯಿರಿ. ತಗಡು ಬೆಳ್ಳಗೆ ಕಾಣುವವರೆಗೆ ಬಿಡಬೇಡಿ. ತುಕ್ಕಿನ ಮೇಲೆ ಬಣ್ಣ ಮುಚ್ಚಿದರೆ ಅದು ಒಳಗೊಳಗೇ ಹಬ್ಬಿ ಕೊನೆಗೆ ಗುಳ್ಳೆಯಾಗಿ ಏಳುತ್ತದೆ. ಬಣ್ಣ ಹಚ್ಚುವ ಮೊದಲು ಟೇಪ್ ಕಿತ್ತುಬಿಡಿ, ಇಲ್ಲದಿದ್ದರೆ ಅಂಚಿನಲ್ಲಿ ಬದು ಕಟ್ಟಿದಂತೆ ಬಣ್ಣ ನಿಲ್ಲುತ್ತದೆ.

ತಗಡು ಕಂಡಿದ್ದರೆ ಮಾತ್ರ ಪ್ರೈಮರ್ ಬೇಕು. ತೆಳ್ಳಗೆ ಒಂದು ಪದರ, ಗೀರಿನ ತಳಕ್ಕಷ್ಟೇ.

ಈಗ ಬಣ್ಣ. ಬಾಟಲಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. ಮುಚ್ಚಳದಲ್ಲಿರುವ ಬ್ರಷ್ ಮರೆತುಬಿಡಿ, ಅದು ಗೀರಿಗಿಂತ ನಾಲ್ಕು ಪಟ್ಟು ದಪ್ಪ. ನಾನು ಮೊದಲ ಸಲ ಅದರಲ್ಲೇ ಎಳೆದೆ. ಬಾಗಿಲ ಮೇಲೆ ಹುಳ ಮಲಗಿದ ಹಾಗೆ ಆಯಿತು. ಥಿನ್ನರ್ ಅದ್ದಿದ ಬಟ್ಟೆಯಿಂದ ಒಂದೇ ಸಲ ಒರೆಸಿ ಮತ್ತೆ ಶುರು ಮಾಡಿದೆ. ಹಲ್ಲುಕಡ್ಡಿಯೇ ಒಳ್ಳೆಯದು. ತುದಿಗೆ ಸಾಸಿವೆಯಷ್ಟು ಬಣ್ಣ ತೆಗೆದುಕೊಂಡು ಗೀರಿನೊಳಗೆ ಮುಟ್ಟಿಸಿ. ಎಳೆಯಬೇಡಿ, ಮುಟ್ಟಿಸಿದರೆ ಸಾಕು, ಬಣ್ಣ ತಾನೇ ಗೀರಿನುದ್ದಕ್ಕೂ ಹರಿಯುತ್ತದೆ. ನಿಂತಲ್ಲಿಂದ ಮುಂದೆ ಮತ್ತೊಂದು ಚುಕ್ಕಿ.

ಒಂದು ಗಂಟೆ ಬಿಟ್ಟು ನೋಡಿದರೆ ಬಣ್ಣ ಕುಸಿದಿರುತ್ತದೆ. ಅದರೊಳಗಿನ ದ್ರಾವಕ ಆರಿಹೋಗಿದೆ, ಅಷ್ಟೇ. ಎರಡನೇ ಪದರ ಹಾಕಿ, ಬೇಕಾದರೆ ಮೂರನೆಯದು. ಒಂದೇ ಸಲ ತುಂಬಿಸುತ್ತೇನೆ ಅಂದರೆ ಮೇಲೆ ಒಣಗಿ ಒಳಗೆ ಮೆತ್ತಗೇ ಉಳಿಯುತ್ತದೆ. ಕೊನೆಗೆ ಕ್ಲಿಯರ್ ಕೋಟ್ ಅನ್ನೂ ಹೀಗೇ ಮುಟ್ಟಿಸಿ, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುವಂತೆ.

ಇಲ್ಲಿಗೆ ನಿಲ್ಲಿಸಿದರೂ ತುಕ್ಕು ಬಾರದು. ಸವರಿದರೆ ಕೈಗೆ ತಾಗುತ್ತದೆ, ಅಷ್ಟೇ. ನನ್ನ ಕೇಳಿದರೆ, ಕೈ ನಡುಗುವವರು ಇಲ್ಲೇ ನಿಲ್ಲಿಸುವುದು ಲೇಸು. ಯಾಕೆಂದರೆ ಕಾರಿನ ಬಣ್ಣದ ಎಲ್ಲ ಪದರ ಸೇರಿದರೂ ದಪ್ಪ ಸುಮಾರು 0.1 ಮಿಲಿಮೀಟರ್, ಬರೆಯುವ ಕಾಗದದ ಒಂದು ಹಾಳೆಯಷ್ಟು. ಉಜ್ಜುವುದು ಸ್ವಲ್ಪ ಜಾಸ್ತಿಯಾದರೆ ಚೆನ್ನಾಗಿದ್ದ ಜಾಗವೂ ಹೋಯಿತು.

ಮುಂದುವರಿಯುವವರು ಒಂದು ವಾರ ಬಿಡಿ. ಆಮೇಲೆ 2000 ನಂಬರಿನ ವಾಟರ್ ಪೇಪರ್ ಅನ್ನು ಸೋಪಿನ ನೀರಲ್ಲಿ ನೆನೆಸಿ, ಪೆನ್ಸಿಲ್ ಅಳಿಸುವ ರಬ್ಬರ್ ತುಂಡಿಗೆ ಸುತ್ತಿ, ಉಬ್ಬಿದ ಗೆರೆಯ ಮೇಲಷ್ಟೇ ಹಗುರಾಗಿ ಆಡಿಸಿ. ಐದಾರು ಸಲಕ್ಕೊಮ್ಮೆ ಒರೆಸಿ ನೋಡುತ್ತಿರಿ. ಮಟ್ಟವಾದ ಕೂಡಲೇ ಕೈ ತೆಗೆಯಿರಿ. ಆ ಜಾಗ ಮಂಕಾಗಿರುತ್ತದೆ, ಗಾಬರಿ ಬೇಡ. ಇನ್ನೂ ನುಣುಪಾದ 3000 ನಂಬರಿನ ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಹೊಳಪು ಮರಳುತ್ತದೆ. ವ್ಯಾಕ್ಸ್ ಮಾತ್ರ ಒಂದು ತಿಂಗಳು ಬೇಡ, ಬಣ್ಣ ಒಳಗಿಂದ ಇನ್ನೂ ಆರುತ್ತಿರುತ್ತದೆ.

ಬಂಪರ್ ಹೆಚ್ಚಾಗಿ ಪ್ಲಾಸ್ಟಿಕ್. ಅದಕ್ಕೆ ತುಕ್ಕಿನ ಭಯವಿಲ್ಲ, ಆದರೆ ಪ್ಲಾಸ್ಟಿಕ್ ಕಂಡಿದ್ದರೆ ಅದಕ್ಕೆಂದೇ ಇರುವ ಪ್ರೈಮರ್ ಬೇಕು. ಗೀರಿನ ಜೊತೆ ತಗಡು ಒಳಗೆ ಹೋಗಿದ್ದರೆ, ಅಥವಾ ಯಾರೋ ಕೀಲಿಯಿಂದ ಈ ತುದಿಯಿಂದ ಆ ತುದಿಗೆ ಎಳೆದಿದ್ದರೆ ಹಲ್ಲುಕಡ್ಡಿ ಹಿಡಿದು ಕೂರಬೇಡಿ, ಗ್ಯಾರೇಜಿಗೇ ಹೋಗಿ.

ನನ್ನ ಬಾಗಿಲ ಗೀರು ಈಗಲೂ ನನಗೆ ಕಾಣುತ್ತದೆ, ಎಲ್ಲಿದೆ ಅಂತ ಗೊತ್ತಲ್ವಾ. ಬೇರೆಯವರಿಗೆ ತೋರಿಸಬೇಕಾದರೆ ಬೆರಳಿಟ್ಟು ಹುಡುಕಬೇಕು. ಗೇಟಿನ ಚಿಲಕವನ್ನು ಮಾತ್ರ ಅದೇ ದಿನ ಒಳಬದಿಗೆ ಹಾಕಿಸಿದೆ.